ಫಕ್ಕೀರವ್ವನ ಕೌದಿಗೆ ಪರವಾನಗಿ

ಸಂಶೋಧನಾ ವಿದ್ಯಾರ್ಥಿನಿ ಶಕುಂತಲಾ ಹೊಸಮನಿಯ ಪ್ರಬಂಧದಲ್ಲಿದ್ದ ಕೌದಿಯ ಚಿತ್ರಕ್ಕೆ ಪರವಾನಗಿ ಕಚೇರಿಯ ಅಧಿಕಾರಿ ಕರಿಬಣ್ಣ ಬಳಿದು ವಾಪಸು ಕೊಟ್ಟ. ದೇಶದ ವಿನ್ಯಾಸಗಳೆಲ್ಲ ಮೊದಲು ನೋಂದಾಯಿಸಿದವರ ಸ್ವತ್ತಾಗಿ ಹನ್ನೊಂದು ವರ್ಷವಾಗಿತ್ತು. ಈ ಕೌದಿಯನ್ನು ಪರದೆ ಮಾರುವ ಕಂಪನಿಯೊಂದು ತನ್ನ ಹೆಸರಿಗೆ ಬರೆಸಿಕೊಂಡಿತ್ತು.

“ಇದನ್ನ ಹೊಲಿದಾಕಿ ನಾನ ಅದೀನಲ್ಲೋ ತಮ್ಮಾ,” ಎಂದಳು ಜೊತೆಗೆ ಬಂದಿದ್ದ ಫಕ್ಕೀರವ್ವ.

“ನೀವು ಹೊಲಿದೋರು ಅಷ್ಟೇರಿ, ಮಾಲೀಕರಲ್ಲ. ಇನ್ನ ಮುಂದ ಹೊಲಿಯಂಗಿಲ್ಲ ಅಂತ ಇಲ್ಲಿ ಸಹಿ ಮಾಡ್ರಿ.”

ನಾಲ್ಕು ವರ್ಷದ ಕೆಲಸ ಹಾಳಾಯಿತೆಂದು ಶಕುಂತಲಾಳ ಕಣ್ಣು ತುಂಬಿತು. ಫಕ್ಕೀರವ್ವ ಸಹಿ ಮಾಡಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತು, ಚೀಲದಿಂದ ಸೂಜಿ, ಬಟ್ಟೆಚೂರು ತೆಗೆದು, ತಾನೂ ಎಂದೂ ಹೊಲಿಯದ ಹೊಸ ನಮೂನೆಯೊಂದನ್ನು ಶುರುಮಾಡಿದಳು.

“ಇದರ ಚಿತ್ರ ಬಿಡಿಸ್ಕೋ ಮಗಳ. ಇದು ನಂದು, ನಿನಗ ಕೊಟ್ಟೀನಿ.”

ಅಧಿಕಾರಿ ಕುತ್ತಿಗೆ ಚಾಚಿದ. ಫಕ್ಕೀರವ್ವ ಬಟ್ಟೆಯ ಮೇಲೆ ಸೆರಗು ಮುಚ್ಚಿದಳು.

“ನೋಡಾಕ ನನ್ನ ಪರವಾನಗಿ ತಗೊಂಡೀಯೇನಪಾ?”

ತೆಗೆದುಕೊಂಡಿರಲಿಲ್ಲ. ಪರವಾನಗಿ ಇಲ್ಲದೆ ನೋಡಿದರೆ ಅವನ ನೌಕರಿಯೇ ಹೋಗುತ್ತಿತ್ತು. ಅವನು ಕುರ್ಚಿ ತಿರುಗಿಸಿ ಗೋಡೆ ನೋಡುತ್ತ ಕೂತ. ಶಕುಂತಲಾ ಚಿತ್ರ ಬಿಡಿಸಿ ಮುಗಿಸಿದ ಮೇಲೆ, ಹೊರಳಿ ನೋಡದೆ ಕೈಯನ್ನಷ್ಟೇ ಹಿಂದೆ ಚಾಚಿ, ಹೊಸ ನಮೂನೆ ಫಕ್ಕೀರವ್ವನ ಹೆಸರಿಗೆ ನೋಂದಣಿಯಾಯಿತೆಂದು ಚಿತ್ರದ ಮೇಲೆ ಮುದ್ರೆ ಒತ್ತಿದ.