ತವರಿನಿಂದ ಬಂದ ಡ್ರೈಯರ್

ಬಾಣಂತನ ಮುಗಿಸಿ ಕಳಿಸುವಾಗ ಪಂಕಜಳ ತವರಿನವರು ಕೂಸಿನ ಬಟ್ಟೆ ಒಣಗಿಸಲೆಂದು ಡ್ರೈಯರ್ ಕೊಟ್ಟಿದ್ದರು. ಎರಡು ಗಂಟೆ ಕಾದು ತೆಗೆದರೂ ಬಟ್ಟೆ ಹಸಿಯಾಗಿಯೇ ಇರುತ್ತಿತ್ತು. "ನಿಮ್ಮಪ್ಪ ಕಣ್ಣು ಬಿಟ್ಟು ತಂದರೋ, ಮುಚ್ಚಿಕೊಂಡು ತಂದರೋ?" ಎಂದು ಅತ್ತೆ ದಿನಕ್ಕೊಮ್ಮೆ ಕೇಳುತ್ತಿದ್ದರು. ಇವತ್ತು ಸರಿಹೋಗದಿದ್ದರೆ ಅದನ್ನು ಆಟೋಗೆ ಹೇರಿ ತವರಿಗೇ ಕಳಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ರಿಪೇರಿಯವನು ಜಾಲರಿಯ ನೂಲುಧೂಳು ತೆಗೆದ, ಹಿಂದಿನ ಪೈಪು ಬಿಚ್ಚಿ ನೋಡಿದ.

"ಬಿಸಿ ಚೆನ್ನಾಗೇ ಬರ್ತಿದೆ ಅಕ್ಕ. ಬಟ್ಟೆ ಜಾಸ್ತಿ ತುರುಕ್ತೀರಾ?"

"ಕೂಸಿನದು ಎಂಟು ಲಂಗೋಟಿ, ಅಷ್ಟೇ ಅಣ್ಣ. ಬಟನ್ ಒತ್ತಿ ಹಾಲು ಕುಡಿಸೋಕೆ ಹೋಗ್ತೀನಿ."

"ಮಧ್ಯೆ ಬಾಗಿಲು ತೆಗೆದ್ರೆ ನಿಂತುಬಿಡುತ್ತೆ, ಮತ್ತೆ ಬಟನ್ ಒತ್ತಬೇಕು. ಅದು ಬಿಟ್ರೆ ಇದಕ್ಕೆ ಯಾವ ರೋಗಾನೂ ಇಲ್ಲ."

ಪಂಕಜ ಅತ್ತೆಯ ಕಡೆ ತಿರುಗಿದಳು.

ಹೊಸ್ತಿಲಲ್ಲಿ ನಿಂತಿದ್ದ ಅತ್ತೆ ನಕ್ಕರು. "ರೋಗ ಇಲ್ವಂತೆ. ಹತ್ತು ನಿಮಿಷಕ್ಕೊಂದ್ಸಲ ನಾನು ಬಾಗಿಲು ತೆಗೆದು, ಸಂಡಿಗೆ ಮಗುಚೋ ಹಾಗೆ ಒಂದೊಂದೇ ಮಗುಚಿ ಹಾಕಿದ್ದಕ್ಕೆ ಅಷ್ಟಾದ್ರೂ ಒಣಗ್ತಿತ್ತು ಕಣಪ್ಪ."