ದೊಡ್ಡಮ್ಮನ ಮುಂದೆ ಸುಳ್ಳು

ಮೂರನೇ ಸಲವೂ ಜೀನು ನೆಲಕ್ಕೆ ಬಿತ್ತು. ಸವಾರಿ ಶಾಲೆಯ ಹಳೆಯ ಹೆಣ್ಣು ಕುದುರೆ, ಎಲ್ಲರ ಬಾಯಲ್ಲಿ ದೊಡ್ಡಮ್ಮ, ಕಿವಿಗಳನ್ನು ಹಿಂದಕ್ಕೆ ಒತ್ತಿ ಗೋಡೆಯತ್ತ ಮುಖ ತಿರುಗಿಸಿ ನಿಂತಳು. ಎರಡು ದಿನದಿಂದ ಇದೇ ಹಟ. ಒಂಬತ್ತು ಗಂಟೆಯ ಪಾಠಕ್ಕೆ ಇವತ್ತೂ ಸಿದ್ಧಳಾಗದಿದ್ದರೆ ಸಂಜೆಗೆ ಮಾರಿಬಿಡುವುದಾಗಿ ಯಜಮಾನರು ಹೇಳಿಯಾಗಿತ್ತು. ಲಾಯದವನು ಹನ್ನೊಂದು ವರ್ಷ ಕೈಯಾರೆ ಮೈ ತಿಕ್ಕಿದ ಜೀವ. ಅವಳಿಲ್ಲದ ಲಾಯವನ್ನು ನೆನೆಸಿಕೊಳ್ಳಲೂ ಅವನಿಂದ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಹೆಂಡತಿ ಬಂದಳು, ಅವನು ಮುನಿಸಿನಲ್ಲಿ ಬೇಕೆಂದೇ ಬಿಟ್ಟು ಬಂದಿದ್ದ ಊಟದ ಡಬ್ಬಿ ಹಿಡಿದು. ಮೂರನೇ ಪ್ರಯತ್ನಕ್ಕೆ ಅವಳಿಗೆ ಕಾರಿನ ಲೈಸೆನ್ಸ್ ಸಿಕ್ಕಿ ಎರಡು ದಿನವಾಗಿತ್ತು. "ಪರೀಕ್ಷೆ ಮಾಡೋನಿಗೇ ಸಾಕಾಗಿರಬೇಕು" ಎಂದು ಇವನು ನೆಂಟರೆದುರು ನಕ್ಕಿದ್ದ. ಅಂದಿನಿಂದ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ, ಬರೀ ಪಾತ್ರೆಗಳ ಸದ್ದು.

"ಏನಾಗಿದೆ ಇವಳಿಗೆ?"

"ಏನೂ ಆಗಿಲ್ಲ. ಹತ್ರ ಬರೋರ ಎದೆಯಲ್ಲಿ ಕೋಪ ಇದ್ರೆ ಕುದುರೆಗೆ ಗೊತ್ತಾಗತ್ತೆ." ಹೊಸಬರಿಗೆ ದಿನಾ ಹೇಳುವ ಪಾಠವನ್ನು ಒಪ್ಪಿಸಿಬಿಟ್ಟು ನಾಲಿಗೆ ಕಚ್ಚಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, "ನಂಗೇನೂ ಕೋಪ ಇಲ್ಲಪ್ಪ" ಎಂದೂ ಸೇರಿಸಿದ.

ದೊಡ್ಡಮ್ಮನ ಕಿವಿಗಳು ಇನ್ನಷ್ಟು ಚಪ್ಪಟೆಯಾದವು.

"ಇವಳು ಒಪ್ತಾ ಇಲ್ವಲ್ಲ" ಎಂದು ಹೆಂಡತಿ ಡಬ್ಬಿ ಕೆಳಗಿಟ್ಟಳು.

"ಆಯ್ತು ಮಾರಾಯ್ತಿ, ತಪ್ಪಾಯ್ತು."

"ಅದು ನಂಗೆ ಹೇಳಿದ್ದೋ, ಒಂಬತ್ತು ಗಂಟೆ ಪಾಠಕ್ಕೋಸ್ಕರ ಹೇಳಿದ್ದೋ?"

ಅವನು ಕುದುರೆಯ ಕೊರಳ ಮೇಲೆ ಕೈಯಿಟ್ಟ. "ಹೊಟ್ಟೆಕಿಚ್ಚು ಕಣೇ" ಎಂದ. "ಮದುವೆಗೆ ಮುಂಚೆ ಅದೇ ಪರೀಕ್ಷೇಲಿ ನಾನು ನಾಲ್ಕು ಸಲ ಫೇಲಾಗಿದ್ದೆ. ಆಮೇಲೆ, ಕಾರು ಯಾರಿಗೆ ಬೇಕು, ನಂಗೆ ಕುದುರೇನೇ ಸಾಕು ಅಂತ ಎಲ್ರ ಹತ್ರ ಜಂಬ ಕೊಚ್ಕೊಂಡು ಬಂದೆ."

ಹೇಳಿ ಮುಗಿಸಿದಾಗ ಅವನ ಎದೆ ನಿಜಕ್ಕೂ ಹಗುರಾಗಿತ್ತು. ದೊಡ್ಡಮ್ಮ ಮೂಗಿನಿಂದ ಉದ್ದನೆಯ ಉಸಿರು ಬಿಟ್ಟು, ಎರಡೂ ಕಿವಿಗಳನ್ನು ಮುಂದಕ್ಕೆ ತಂದು, ತಲೆ ತಗ್ಗಿಸಿ, ಬರಿಬಾಯಿ ಚಪ್ಪರಿಸಿದಳು. ಅವನು ಜೀನು ಏರಿಸಿ ಪಟ್ಟಿ ಬಿಗಿದ. ಕುದುರೆ ಕದಲಲಿಲ್ಲ. ಇನ್ನು ಸಂಜೆ ಯಾರೂ ಇವಳನ್ನು ಕರೆದೊಯ್ಯುವುದಿಲ್ಲ ಎಂದುಕೊಂಡಾಗ ಅವನಿಗೆ ಕಣ್ಣು ತುಂಬಿ ಬಂತು.

"ನಾಲ್ಕು ಸಲಾನಾ?" ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಗು ನುಂಗಿಕೊಂಡಳು. ಆಮೇಲೆ ತಾನೂ ಹತ್ತಿರ ಬಂದು ಕುದುರೆಯ ಕೊರಳು ಸವರಿದಳು. "ಹೋಗ್ಲಿ ಬಿಡಿ. ನಂಗೂ ಈಗ ನಿಮ್ಮ ಮೇಲೆ ಕೋಪ ಇಲ್ಲ."

ಇಬ್ಬರೂ ಒಟ್ಟಿಗೆ ದೊಡ್ಡಮ್ಮನತ್ತ ನೋಡಿದರು. ಒಂದು ಕಿವಿ ಮುಂದಕ್ಕಿತ್ತು, ಇನ್ನೊಂದು ಹಿಂದಕ್ಕೆ.