ಒಗ್ಗರಣೆಗೆ ಮುನ್ನ

ಆ ಕಟ್ಟಡದ ಮೂವತ್ತು ಅಂತಸ್ತಿಗೂ ಕೊಳವೆಗಳಲ್ಲಿ ಬರುವುದು ಒಂದೇ ಗಾಳಿ. ಅದಕ್ಕೇ ಒಗ್ಗರಣೆ ನಿಷೇಧ. ಘಾಟು ಮೇಲಿನ ಯಂತ್ರಕ್ಕೆ ತಲುಪಿದರೆ ಆ ಮನೆಗೆ ಒಂದು ತಾಸು ಗಾಳಿ ಬಂದ್. ಸಾವಂತ್ರಿಯ ಅತ್ತೆ ಹಾಸಿಗೆ ಹಿಡಿದವಳು, ಅಷ್ಟು ಹೊತ್ತು ತಡೆಯುವವಳಲ್ಲ. ಆದರೂ ಅವಳೇ ಕೇಳಿದ್ದಳು: "ಒಮ್ಮೆ ಬಳ್ಳೊಳ್ಳಿ ಒಗ್ಗರಣಿ ಸಾರು ಉಣಸವಾ."

ಸಾವಂತ್ರಿ ಸ್ಟೂಲು ಹತ್ತಿ ಅಡುಗೆಮನೆಯ ಕೊಳವೆಯ ಸಂದುಗಳಿಗೆಲ್ಲ ಕಣಕ ಮೆತ್ತಿದಳು. ಗಾಳಿ ಇನ್ನೂ ಸೋರುತ್ತಿದೆಯೇ ಎಂದು ಹತ್ತಿಯ ಎಳೆ ಹಿಡಿದು ನೋಡಿದಳು. ಪಕ್ಕದ ಮನೆಯ ಗೋಡೆಯ ಹತ್ತಿರ ಎಳೆ ಅಲುಗಿತು; ಅಲ್ಲೊಂದು ಸಂದು ಉಳಿದಿತ್ತು. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಕೊನೆಯ ಉಂಡೆ ಎತ್ತಿದಾಗ ಆ ಸಂದಿನಿಂದಲೇ ಪಕ್ಕದ ಮನೆಯ ಶಂಕ್ರವ್ವನ ಪಿಸುದನಿ ಬಂತು.

"ಅಕ್ಕಾರ, ಬಳ್ಳೊಳ್ಳಿ ಜಜ್ಜಿದ್ದು ಕೇಳಿಸ್ತು."

ಸಾವಂತ್ರಿಯ ಕೈ ಅಲ್ಲೇ ನಿಂತಿತು.

"ಅದೊಂದು ಸಂದು ಮುಚ್ಚಬ್ಯಾಡ್ರಿ, ನಮಗೂ ಒಂಚೂರು ವಾಸನಿ ಬರ್ಲಿ. ನಮ್ಮ ಕಡಿ ಸಂದೆಲ್ಲಾ ಆಗಲೇ ಮುಚ್ಚೇವಿ."